ತೋಳೊಳಗಿನ ವ್ಯಾಪಾರ

ಪೇ ಶೌಶಾನನ ಕೈಗೆ ಗಾನ್ಸು ಪ್ರಾಂತದ ಅರ್ಧದಷ್ಟು ಹೇಸರಗತ್ತೆಗಳ ಬೆಲೆ ಗೊತ್ತಿತ್ತು. ಅವನ ಬಾಯಿಗೆ ಮಾತ್ರ ಒಂದರದೂ ಗೊತ್ತಿರಲಿಲ್ಲ. ಅವನ ಕಸುಬೇ ಅಂಥದ್ದು. ದನದ ಸಂತೆಯ ದಲ್ಲಾಳಿಗಳು ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಒಬ್ಬನ ಕೋಟಿನ ತೋಳೊಳಗೆ ಇನ್ನೊಬ್ಬನ ಕೈ ಹೋಗುತ್ತದೆ, ಒಳಗೆ ಬೆರಳುಗಳು ಮಾತಾಡಿಕೊಳ್ಳುತ್ತವೆ, ಹೊರಗೆ ಇಬ್ಬರ ಮುಖಗಳೂ ಆಕಾಶ ನೋಡುತ್ತಿರುತ್ತವೆ. ಎರಡು ಬೆರಳು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು, ಬೆರಳ ತುದಿಗಳನ್ನು ಒಟ್ಟು ಸೇರಿಸಿ ಚಿವುಟಿದರೆ ಏಳು. ಅದು ನೂರೋ ಸಾವಿರವೋ ಎನ್ನುವುದು ಎದುರಿಗೆ ನಿಂತ ಪ್ರಾಣಿಯನ್ನು ನೋಡಿದರೇ ತಿಳಿಯುತ್ತದೆ. ಪ್ರಾಣಿಯ ಮುಂದೆಯೇ ಅದರ ಬೆಲೆ ಕೂಗುವುದು ಶೌಶಾನನ ದೃಷ್ಟಿಯಲ್ಲಿ ಮಾನಗೆಟ್ಟವರ ಕೆಲಸ. ಕತ್ತೆಯಾದರೇನು, ಅದಕ್ಕೂ ಒಂದು ಮರ್ಯಾದೆ ಬೇಡವೇ?

ತೋಳೊಳಗೆ ನಡೆದ ಮಾತು ತೋಳೊಳಗೇ ಇರಬೇಕು. ಅದನ್ನು ಹೊರಗೆ ಬಿಟ್ಟ ದಲ್ಲಾಳಿಗೆ ಸಂತೆಯಲ್ಲಿ ಚಹಾ ಕೊಡುವವರೂ ಇರುವುದಿಲ್ಲ. ಶೌಶಾನ್ ಇಷ್ಟು ವರ್ಷಗಳಲ್ಲಿ ಹೆಂಡತಿ ಯಿನ್‌ಫೆಂಗಳಿಗೂ ಒಂದು ಬೆಲೆ ಹೇಳಿದವನಲ್ಲ. ಆಕೆಯೂ ಕೇಳಿದವಳಲ್ಲ.

ಇಂಥ ಮನುಷ್ಯ ಈಗ ಹೆಂಡತಿಯನ್ನು ಕರೆದುಕೊಂಡು ವುಹಾನ್ ಮಹಾನಗರಕ್ಕೆ ಬಂದಿದ್ದ. ಮಗಳು ಲಿನ್ ಈ ಊರಿನವನನ್ನೇ ಮದುವೆಯಾಗಿ ಗಂಡುಮಗು ಹೆತ್ತಿದ್ದಳು. ಮಗುವಿಗೆ ತಿಂಗಳು ತುಂಬಿದ ಊಟ ಮರುದಿನ ಮಧ್ಯಾಹ್ನ. ಮಗಳ ಅತ್ತೆ ಗ್ವೇಜೆನ್ ಬಹಳ ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದವಳು. ಅಡುಗೆಮನೆಯಲ್ಲಿ “ಉಪ್ಪು ಸಾಕಾ?” ಎಂದರೂ ಹಿಂದಿನ ಬಾಗಿಲಲ್ಲಿ ನೇತಾಡುವವರಿಗೆ ಕೇಳುವಂತೆ ಎನ್ನುತ್ತಿದ್ದಳು. ಮನಸ್ಸು ಮಾತ್ರ ಅವಳೇ ಮಾಡುತ್ತಿದ್ದ ತಾವರೆ ಗೆಡ್ಡೆಯ ಸಾರಿನಷ್ಟೇ ಬೆಚ್ಚಗಿತ್ತು. ಹಾಗಾಗಿ ಆ ದಿನ ಬೆಳಿಗ್ಗೆ ಅವಳು ಹೇಳಿದ್ದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ.

“ಬೀಗಿತ್ತೀ, ನಾಳೆನೂ ಈ ನೀಲಿ ಹತ್ತಿ ಕೋಟಲ್ಲೇ ಬರ್ತೀರಾ? ಫೋಟೋ ತೆಗೀತಾರೆ ಕಣ್ರೀ! ನನ್ನದೊಂದು ಹಳೇ ಉಣ್ಣೆ ಕೋಟಿದೆ, ಹಾಕ್ಕೊಳ್ಳಿ. ಸೊಂಟದ ಹತ್ರ ಒಂಚೂರು ಹುಳ ತಿಂದಿದೆ, ಕೈ ಅಡ್ಡ ಇಟ್ಕೊಂಡ್ರೆ ಯಾರಿಗೂ ಕಾಣಲ್ಲ.”

ಯಿನ್‌ಫೆಂಗ್ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಳು. ಸೊಂಟಕ್ಕೆ ಕೈ ಅಡ್ಡ ಇಟ್ಟುಕೊಂಡಳು. “ಚೆನ್ನಾಗಿದೆ, ಬೆಚ್ಚಗಿದೆ” ಎಂದು ನಕ್ಕಳು.

ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತಿದ್ದ ಶೌಶಾನನಿಗೆ ತಾವರೆ ಗೆಡ್ಡೆ ಗಂಟಲಲ್ಲಿ ಸಿಕ್ಕಿಕೊಂಡಿತು. ತನ್ನ ಹೆಂಡತಿ ಮೊಮ್ಮಗನ ಊಟದಲ್ಲಿ, ಅಷ್ಟು ಜನರ ನಡುವೆ, ಎರಡೂ ಕೈ ಚಾಚಿ ಮಗುವನ್ನು ಎತ್ತಿಕೊಳ್ಳಲೂ ಆಗದೆ, ಬೇರೆಯವರ ಕೋಟಿನ ತೂತು ಮುಚ್ಚಿಕೊಂಡು ನಿಲ್ಲಬೇಕು! ಅವನಿಗೆ ಬಹಳ ನೋವಾಯಿತು. ಬಟ್ಟಲು ಕೆಳಗಿಟ್ಟವನೇ ಮಗಳ ಕೋಣೆಗೆ ಹೋಗಿ ಕೋಟು ಎಲ್ಲಿ ಸಿಗುತ್ತದೆಂದು ಪಿಸುಗುಟ್ಟಿ ಕೇಳಿದ.

“ಹಾನ್‌ಜೆಂಗ್ ಬೀದಿಗೆ ಹೋಗಪ್ಪಾ. ಬಾಣಂತನ ಮುಗಿಯೋವರೆಗೆ ಅತ್ತೆ ನನ್ನನ್ನ ಹೊಸಿಲು ದಾಟೋಕೆ ಬಿಡಲ್ಲ, ಇಲ್ಲಾಂದ್ರೆ ನಾನೂ ಬರ್ತಿದ್ದೆ. ಅಲ್ಲಿ ಹೇಳಿದ್ರಲ್ಲಿ ಅರ್ಧಕ್ಕಿಂತ ಕಡಿಮೆ ಕೇಳ್ಬೇಕು, ಗೊತ್ತಾಯ್ತಾ?”

“ಚೌಕಾಸಿ ಮಾಡೋದನ್ನ ನಿಮ್ಮಪ್ಪನಿಗೆ ಹೇಳಿಕೊಡ್ತೀಯಾ? ಒಂಟೆ ವ್ಯಾಪಾರ ಮಾಡಿದ ಕೈ ಇದು!”

“ಒಂಟೆ ಬೇರೆ ಕಣಪ್ಪ…” ಎಂದು ಲಿನ್ ಶುರುಮಾಡುವಷ್ಟರಲ್ಲಿ ಶೌಶಾನ್ ಮೆಟ್ಟಿಲಿಳಿದಾಗಿತ್ತು. ಮಗಳ ಮಾತು ಪೂರ್ತಿ ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹಾನ್‌ಜೆಂಗ್ ಬೀದಿಯಲ್ಲಿ ಬಿದಿರು ಕೋಲಿಗೆ ಮೂಟೆ ತೂಗುಹಾಕಿಕೊಂಡ ಹಮಾಲರು “ದಾರಿ, ದಾರಿ!” ಎಂದು ಎಲ್ಲರ ಮೊಣಕಾಲಿಗೂ ಬಡಿಯುತ್ತ ಓಡುತ್ತಿದ್ದರು. ಶೌಶಾನ್ ತನ್ನ ಕುರಿಚರ್ಮದ ಉದ್ದ ತೋಳಿನ ಕೋಟಿನಲ್ಲಿ ಗಂಭೀರವಾಗಿ ನಡೆದ. ಬೀದಿಯ ನಡುವೆ ಒಂದು ಅಂಗಡಿಯ ಬಾಗಿಲಲ್ಲೇ ಅದು ಕಂಡಿತು. ಖರ್ಜೂರದ ಬಣ್ಣದ ಉಣ್ಣೆ ಕೋಟು. ಅವನು ಹೇಸರಗತ್ತೆಯ ಬೆನ್ನು ಸವರುವಂತೆ ಅದರ ಬೆನ್ನು ಸವರಿದ, ಹೊಲಿಗೆಯನ್ನು ಹಲ್ಲು ನೋಡುವಂತೆ ಬಿಡಿಸಿ ನೋಡಿದ. ಕುಂಟಿಲ್ಲ, ಕುರುಡಿಲ್ಲ. ಯಿನ್‌ಫೆಂಗಳ ಭುಜಕ್ಕೆ ಅಳತೆ ಹಿಡಿದಂತಿತ್ತು.

“ಎಂಟುನೂರ ಎಂಬತ್ತು!” ಎಂದು ಒಳಗಿನಿಂದ ಒಂದು ಕೂಗು ಬಂತು. ಅಂಗಡಿಯ ಒಡತಿ ವಾನ್ ಕೂಗುತ್ತಲೇ ಹೊರಗೆ ಬಂದಳು. “ಮುಟ್ಟಿ ನೋಡಿ ತಾತಾ, ಬೆಣ್ಣೆ ಇದ್ದ ಹಾಗಿದೆ! ಬರೀ ಎಂಟುನೂರ ಎಂಬತ್ತು ಯುವಾನ್!”

ಶೌಶಾನ್ ನಾಚಿಕೆಯಿಂದ ಅತ್ತಿತ್ತ ನೋಡಿದ. ಬೀದಿಯ ಜನರಿರಲಿ, ಅಕ್ಕಪಕ್ಕ ನೇತಾಡುತ್ತಿದ್ದ ಬೇರೆ ಕೋಟುಗಳೂ ಕೇಳಿಸಿಕೊಳ್ಳುತ್ತಿದ್ದವು.

“ಮೆಲ್ಲಗೆ ಮಾತಾಡೋಣಮ್ಮಾ.”

“ಯಾಕ್ರೀ ಮೆಲ್ಲಗೆ? ನಾನೇನು ಕದ್ದ ಮಾಲು ಮಾರ್ತಿದ್ದೀನಾ? ನೀವೆಷ್ಟು ಕೊಡ್ತೀರಿ, ಬಾಯಿ ಬಿಟ್ಟು ಹೇಳಿ!”

ಪಟ್ಟಣದವಳು, ಸಂತೆಯ ಸಂಸ್ಕಾರವಿಲ್ಲ, ಪಾಪ, ನಾವೇ ಮುಂದಾಗಬೇಕು ಎಂದುಕೊಂಡ ಶೌಶಾನ್ ಒಂದು ಹೆಜ್ಜೆ ಹತ್ತಿರ ಸರಿದ. ಕಸುಬಿನ ನಿಯಮದಂತೆ ಮುಖವನ್ನು ಮೇಲೆತ್ತಿ ಅಂಗಡಿಯ ಸೂರನ್ನು ನೋಡುತ್ತ, ಅವಳ ಕೈಯನ್ನು ಮೆತ್ತಗೆ ತನ್ನ ತೋಳೊಳಗೆ ಎಳೆದುಕೊಂಡ. ಮೊದಲು ಮೂರು ಬೆರಳು ಹಿಡಿದ. ಆಮೇಲೆ ಇಡೀ ಕೈ. ಮುನ್ನೂರ ಐವತ್ತು. ನ್ಯಾಯವಾದ ಆರಂಭ.

 ವಾನಳ ಬಾಯಿ ತೆರೆದಿತ್ತು, ಸ್ವರ ಹೊರಟಿರಲಿಲ್ಲ. ಶೌಶಾನನಿಗೆ ಗೌರವ ಮೂಡಿತು. ಮೊದಲ ಬೆಲೆಗೆ ಮುಖ ಬದಲಿಸದೆ ನಿಲ್ಲುವುದು ನುರಿತ ದಲ್ಲಾಳಿಗೂ ಸುಲಭವಲ್ಲ. ಮೆಚ್ಚಿಕೊಂಡು ಸ್ವಲ್ಪ ಮೇಲೇರಿದ. ಅವಳ ನಾಲ್ಕು ಬೆರಳು ಹಿಡಿದು ಅಲುಗಿಸಿದ.

ಆಗ ಸ್ವರ ಹೊರಟಿತು.

“ಅಯ್ಯಯ್ಯೋ! ಪೋಲಿ ಮುದುಕ! ಹಿಡ್ಕೊಳ್ರೋ!”

ಪಕ್ಕದ ಅಂಗಡಿಯಲ್ಲಿ ಕಾಲುಚೀಲ ಮಾರುವ ಅವಳ ಗಂಡ ಲುವೊ, ಗಿರಾಕಿಗೆ ತೋರಿಸಲೆಂದು ಕೈಗೆ ಹಾಕಿಕೊಂಡಿದ್ದ ಕಾಲುಚೀಲದ ಸಮೇತ ಓಡಿಬಂದ. ಹಮಾಲರು ಮೂಟೆ ಇಳಿಸಿದರು. ನೂಡಲ್ಸ್ ತಿನ್ನುತ್ತಿದ್ದವರು ಬಟ್ಟಲು ಹಿಡಿದುಕೊಂಡೇ ಬಂದು ಒಳ್ಳೆಯ ಜಾಗ ಹಿಡಿದರು.

“ಏನಾಯ್ತೇ?” ಎಂದ ಲುವೊ.

“ಮೊದ್ಲು ಮೂರು ಬೆರಳು ಹಿಡಿದ! ಆಮೇಲೆ ಇಡೀ ಕೈ! ಆಮೇಲೆ ನಾಲ್ಕು ಬೆರಳು!”

“ನಾಲ್ಕು ಯಾಕೆ?”

“ನಂಗೇನು ಗೊತ್ತು? ಇಡೀ ಕೈ ಹಿಡಿದೋನು ಒಂದು ಬೆರಳು ಯಾಕೆ ಬಿಟ್ಟ ಅಂತ ಅವನನ್ನೇ ಕೇಳು!”

ಲುವೊ ಕಾಲುಚೀಲದ ಕೈಯನ್ನು ಶೌಶಾನನ ಮೂಗಿನ ಮುಂದೆ ಅಲ್ಲಾಡಿಸಿದ. “ಏನ್ರೀ, ನನ್ನ ಹೆಂಡ್ತಿಗೆ ಏನು ಮಾಡಿದ್ರಿ?”

ಶೌಶಾನ್ ನೆಟ್ಟಗೆ ನಿಂತು ತನ್ನ ಕಸುಬಿನ ಮರ್ಯಾದೆಗೆ ತಕ್ಕ ಉತ್ತರ ಕೊಟ್ಟ. “ಅದು ನನಗೂ ಆಕೆಗೂ ಬಿಟ್ಟ ವಿಷಯ. ಹೊರಗಿನವರಿಗೆ ಹೇಳೋ ಹಾಗಿಲ್ಲ.”

ಈ ಒಂದು ಮಾತಿನಿಂದ, ಅಲ್ಲಿಯವರೆಗೆ ಅರ್ಧ ನಂಬಿದ್ದವರೂ ಪೂರ್ತಿ ನಂಬಿದರು. ಮಾರುಕಟ್ಟೆಯ ಕಾವಲುಗಾರ ಬಂದ. ಮೆರವಣಿಗೆ ಪೊಲೀಸ್ ಚೌಕಿಯತ್ತ ಹೊರಟಿತು. ಮುಂದೆ ಕಾವಲುಗಾರ, ನಡುವೆ ಶೌಶಾನ್, ಹಿಂದೆ ಸಾಕ್ಷಿಯೆಂದು ಖರ್ಜೂರದ ಬಣ್ಣದ ಕೋಟನ್ನೇ ಅಪ್ಪಿಕೊಂಡ ವಾನ್, ಕೊನೆಗೆ ಬಟ್ಟಲುಗಳು.

ಚೌಕಿಯ ಕಾನ್‌ಸ್ಟೇಬಲ್ ಮೆಂಗ್ ಎಳೆಯ ವಯಸ್ಸಿನವನು. ಅವನಿಗೆ ಇದುವರೆಗೆ ಸಿಕ್ಕಿದ್ದೆಲ್ಲ ಜೇಬುಗಳ್ಳರ ಪ್ರಕರಣಗಳೇ.

“ಕಸುಬು?”

“ದಲ್ಲಾಳಿ.”

ಮೆಂಗನ ಪೆನ್ನು ನಿಂತಿತು. “ಯಾವುದರ ದಲ್ಲಾಳಿ?”

“ಹೇಸರಗತ್ತೆ, ಎತ್ತು. ಒಮ್ಮೊಮ್ಮೆ ಒಂಟೆ.”

“ಈ ಅಮ್ಮನ ಕೈ ಯಾಕೆ ಹಿಡಿದ್ರಿ?”

“ವ್ಯಾಪಾರಕ್ಕೆ ಸಾಹೇಬ್ರೇ. ನಮ್ಮ ಕಡೆ ವ್ಯಾಪಾರ ಮಾಡೋದೇ ಹಾಗೆ, ಬೆರಳಲ್ಲಿ ಬೆಲೆ ಹೇಳಿ. ಹೇಸರಗತ್ತೆನಾದ್ರೂ ಅಷ್ಟೇ, ಇವರಾದ್ರೂ ಅಷ್ಟೇ.”

“ಕೇಳಿದ್ರಾ!” ವಾನ್ ಎದ್ದು ನಿಂತಳು. “ಬರ್ಕೊಳ್ಳಿ ಅದನ್ನ! ನನ್ನನ್ನ ಹೇಸರಗತ್ತೆ ಅಂದ!”

ಮೆಂಗ್ ಹಣೆ ಒತ್ತಿಕೊಂಡ. “ತಾತಾ, ಬೆರಳಲ್ಲಿ ಬೆಲೆ ಹೇಳಿದೆ ಅಂತೀರಲ್ಲ. ಎಷ್ಟು ಹೇಳಿದ್ರಿ, ಅದನ್ನಾದ್ರೂ ಹೇಳಿಬಿಡಿ. ಮುಗೀತು.”

“ಅದೊಂದು ಕೇಳ್ಬೇಡಿ. ಅದನ್ನ ಬಾಯಿ ಬಿಟ್ರೆ ನಾನು ನಮ್ಮೂರ ಸಂತೇಲಿ ತಲೆ ಎತ್ತೋ ಹಾಗಿಲ್ಲ. ಬೇಕಿದ್ರೆ ನಿಮ್ಮ ಕೈ ಕೊಡಿ.”

“ನನ್ನ ಕೈ ಮುಟ್ಟಬೇಡಿ!” ಮೆಂಗ್ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡ. “ನಿಮ್ಮ ಈ ಬೆರಳು ಭಾಷೆ ಗೊತ್ತಿರೋರು ಈ ಊರಲ್ಲಿ ಯಾರಾದ್ರೂ ಇದ್ದಾರಾ?”

“ಇದ್ದಾರೆ. ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ರೈಲಲ್ಲಿ ಬರ್ಬೇಕು.”

“ಹಾಗಿದ್ರೆ ನಿಮ್ಮ ಮನೆಯವರನ್ನ ಕರೆಸ್ತೀನಿ.”

ಶೌಶಾನನ ಮುಖದ ಬಣ್ಣ ಇಳಿಯಿತು. ಬಾಣಂತಿ ಹೊಸಿಲು ದಾಟುವಂತಿಲ್ಲ. ಬರುವವಳು ಗ್ವೇಜೆನ್.

ಗ್ವೇಜೆನಳ ಧ್ವನಿ ಮೊದಲು ಬಂತು, ಸ್ವಲ್ಪ ಹೊತ್ತಿನ ನಂತರ ಅವಳೂ ಬಂದಳು. “ಯಾರದು ನಮ್ಮ ಬೀಗರನ್ನ ಹಿಡಿಸಿದ್ದು?” ಎಂದು ಅವಳು ಬಾಗಿಲಲ್ಲೇ ಶುರುಮಾಡಿದಳು. “ನಾನು!” ಎಂದು ವಾನ್ ಎದ್ದಳು. ಒಬ್ಬಳು ಬಸ್ಸಿನಲ್ಲಿ ಪಳಗಿದವಳು, ಇನ್ನೊಬ್ಬಳು ಬೀದಿಯಲ್ಲಿ. ಗೋಡೆಯ ಮೇಲಿನ ಗಡಿಯಾರ ಸ್ವಲ್ಪ ವಾಲಿತು. ಆದರೆ ಮೂರು ಬೆರಳು, ಇಡೀ ಕೈ, ನಾಲ್ಕು ಬೆರಳು ಎಂಬ ವಿವರ ಕಿವಿಗೆ ಬೀಳುತ್ತಿದ್ದಂತೆ ಗ್ವೇಜೆನ್ ಬೀಗರ ಕಡೆ ತಿರುಗಿದಳು.

“ನಿಜಾನಾ ಬೀಗರೇ? ನಾಳೆ ನಮ್ಮ ನೆಂಟರೆಲ್ಲ ಊಟಕ್ಕೆ ಬರ್ತಾರೆ. ಅದ್ರಲ್ಲಿ ಅರ್ಧ ಜನ ಇದೇ ಬೀದೀಲಿ ಅಂಗಡಿ ಇಟ್ಟಿರೋರು! ನಾನು ಅವರಿಗೆ ಏನಂತ ಹೇಳ್ಲಿ? ನಿಮ್ಮ ಮಗಳು ಮುಖ ಎಲ್ಲಿಡ್ಬೇಕು?”

ಶೌಶಾನನ ಕೈಗಳು ತೋಳಿನಿಂದ ಹೊರಗೆ ಬಂದು ತೊಡೆಯ ಮೇಲೆ ಬಿದ್ದವು. ಸಂತೆಯಲ್ಲಿ ಎಷ್ಟೋ ಸಲ ಸೋತಿದ್ದ, ಆದರೆ ಇಷ್ಟು ಸಣ್ಣವನಾಗಿ ಎಂದೂ ಕೂತಿರಲಿಲ್ಲ. ಹೆಂಡತಿಯ ಮಾನ ಉಳಿಸಲೆಂದು ಹೊರಟವನು ಮಗಳ ಮಾನವನ್ನೂ ಕಳೆದಿದ್ದ.

ಗ್ವೇಜೆನಳ ಹಿಂದೆ ಯಿನ್‌ಫೆಂಗ್ ನಿಂತಿದ್ದಳು. ಹೊರಗೆ ಚಳಿಯೆಂದು ಬೀಗಿತ್ತಿಯ ಕೋಟನ್ನೇ ತೊಟ್ಟು ಬಂದಿದ್ದಳು, ಸೊಂಟಕ್ಕೆ ಕೈ ಅಡ್ಡ. ಚೌಕಿಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಈಗ ಹೆಂಡತಿ ಬಾಯಿ ತೆಗೆಯುತ್ತಾಳೆ, ಮುದುಕನಿಗೆ ಇದೆ ಎಂದು ನೂಡಲ್ಸಿನವರು ಬಟ್ಟಲು ಪಕ್ಕಕ್ಕಿಟ್ಟರು.

“ಲಿನ್ ಅಪ್ಪಾ, ಊಟ ಆಯ್ತಾ?” ಎಂದಳು ಯಿನ್‌ಫೆಂಗ್.

“ಇಲ್ಲ.”

“ಏನು ವ್ಯಾಪಾರ ಮಾಡ್ತಿದ್ರಿ?”

ಶೌಶಾನ್ ಕೈಗಳನ್ನು ಮತ್ತೆ ತೋಳೊಳಗೆ ಸೇರಿಸಿಕೊಂಡ. ಯಿನ್‌ಫೆಂಗ್ ಅವನ ಪಕ್ಕದಲ್ಲಿ ಕೂತಳು. ಕಾನ್‌ಸ್ಟೇಬಲ್ ಕಡೆ ನೋಡಿ, “ಸಾಹೇಬ್ರೇ, ನಿಮ್ಮ ವಯಸ್ಸನ್ನ ಇವರ ಕಿವೀಲಿ ಹೇಳಿ. ಇವರು ನನ್ನ ಕೈಗೆ ಹೇಳಲಿ” ಎಂದಳು.

“ನಿನಗೆಲ್ಲಿ ಬರುತ್ತೆ!” ಶೌಶಾನ್ ಬೆಚ್ಚಿದ. “ನಿನಗೆ ಹೇಳಿಕೊಟ್ಟೋರು ಯಾರು?”

“ಹೇಳಿ ಅಂದ್ನಲ್ಲ.”

ಮೆಂಗ್ ಬಾಗಿ ಪಿಸುಗುಟ್ಟಿದ. ಯಿನ್‌ಫೆಂಗಳ ಕೈ ಗಂಡನ ತೋಳೊಳಗೆ ಹೋಯಿತು. ಅವಳು ಸೂರಿನ ಕಡೆ ನೋಡಿದಳು, ಥೇಟು ದಲ್ಲಾಳಿಯಂತೆ.

“ಇಪ್ಪತ್ತೇಳು” ಎಂದಳು. “ಇನ್ನೂ ಮದುವೆ ಆಗಿಲ್ವೇನಪ್ಪಾ?”

“ಅದೂ ಹೇಳಿದ್ರಾ?” ಮೆಂಗ್ ಗಾಬರಿಯಾದ.

“ಇಲ್ಲ, ನಿನ್ನ ಅಂಗಿಯ ಕಿತ್ತೋದ ಗುಂಡಿ ಹೇಳ್ತು.”

ಗುಂಪಿನಲ್ಲಿ ನಗೆ ಎದ್ದಿತು. ಶೌಶಾನ್ ಮಾತ್ರ ನಗಲಿಲ್ಲ. ಹೆಂಡತಿಯನ್ನು ಹೊಸದಾಗಿ ನೋಡುವವನಂತೆ ನೋಡುತ್ತಿದ್ದ. “ಯಾವಾಗ ಕಲಿತೆ?”

“ಕಲಿಯೋದೇನು ಬಂತು? ಸಂತೆ ದಿನ ಮನೆಗೆ ಬಂದು ಮಲಗಿದ ಮೇಲೆ ನಿದ್ದೇಲಿ ನನ್ನ ಕೈ ಹಿಡ್ಕೊಂಡು ಬೆಳಗಿನವರೆಗೂ ಕತ್ತೆ ಮಾರ್ತೀರಿ. ಸಂಸಾರ ಪೂರ್ತಿ ಹೀಗೇ ಆಯ್ತು. ನಾನೇನು ಕಲ್ಲಾ?” ಅವಳು ಕೋಟಿನ ಅಂಚು ನೇವರಿಸಿದಳು. “ಲಿನ್ ನರ್ಸಿಂಗ್ ಓದೋಕೆ ಹೋದ ವರ್ಷ ನಮ್ಮ ಬಿಳಿ ಹೇಸರಗತ್ತೆ ಮಾರಿದ್ರಲ್ಲ. ಅವತ್ತು ಬೆಲೆ ಹೇಳ್ತಿದ್ರಿ, ಮತ್ತೆ ಬೆರಳು ಬಿಟ್ಟುಬಿಡ್ತಿದ್ರಿ. ಹೇಳ್ತಿದ್ರಿ, ಬಿಡ್ತಿದ್ರಿ. ನಾನೂ ಮಲಗ್ಲಿಲ್ಲ.”

 ಲುವೊ ಕಾಲುಚೀಲದ ಕೈಯಿಂದ ಮೂಗು ಒರೆಸಿಕೊಂಡ.

“ಸರಿ, ಸರಿ” ಎಂದಳು ವಾನ್, ತನ್ನ ದೂರು ಕೈಜಾರುತ್ತಿರುವುದನ್ನು ಕಂಡು. “ಹಾಗಾದ್ರೆ ನನ್ನ ಕೈಗೆ ಏನು ಹೇಳಿದ್ರು? ಅದನ್ನ ಹೇಳಿಸಿ!”

ಯಿನ್‌ಫೆಂಗ್ ಗಂಡನ ಮುಖ ನೋಡಿದಳು. ಶೌಶಾನ್ ಬಹಳ ಹೊತ್ತು ಯೋಚಿಸಿದ. ಬಾಯಲ್ಲಿ ಹೇಳುವಂತಿಲ್ಲ ನಿಜ. ಆದರೆ ಇಷ್ಟು ವರ್ಷ ನಿದ್ದೆಯಲ್ಲೇ ಎಲ್ಲವನ್ನೂ ಹೇಳಿಯಾಗಿರುವ ಕೈಗೆ ಇನ್ನೊಂದು ಬೆಲೆ ಹೇಳಿದರೆ ಕಸುಬಿಗೆ ಹೊಸ ಕಳಂಕವೇನೂ ಬರುವುದಿಲ್ಲ. ಅವನ ಬೆರಳುಗಳು ಅಲುಗಿದವು.

“ಮೊದ್ಲು ಮುನ್ನೂರ ಐವತ್ತು” ಎಂದಳು ಯಿನ್‌ಫೆಂಗ್. “ಆಮೇಲೆ ನಾನೂರು.”

“ನಾನೂರಾ!” ವಾನ್ ಮೊದಲಿಗಿಂತ ಜೋರಾಗಿ ಕಿರುಚಿದಳು. “ಈ ಕೋಟಿಗೆ ನಾನೂರಾ? ನಾನೂರಕ್ಕೆ ಇದರ ಗುಂಡಿನೂ ಬರಲ್ಲ! ಸಾಹೇಬ್ರೇ, ಇದು ಕೈ ಹಿಡಿದದ್ದಕ್ಕಿಂತ ದೊಡ್ಡ ಅವಮಾನ! ಮೊದಲಿಂದ ಬರ್ಕೊಳ್ಳಿ!”

“ಕೋಟಾ?” ಯಿನ್‌ಫೆಂಗ್ ಮೊದಲ ಬಾರಿಗೆ ವಾನಳ ತೋಳಲ್ಲಿದ್ದ ಸಾಕ್ಷಿಯನ್ನು ನೋಡಿದಳು. “ಹೆಂಗಸರ ಕೋಟು ನಿಮಗ್ಯಾಕೆ? ಯಾರಿಗೆ?”

ಶೌಶಾನ್ ಅವಳ ಸೊಂಟಕ್ಕೆ ಅಡ್ಡವಿದ್ದ ಕೈಯನ್ನು ನೋಡಿದ. ಅವನು ನೋಡಿದ್ದನ್ನು ಗ್ವೇಜೆನ್ ನೋಡಿದಳು. ಬೆಳಿಗ್ಗೆ ತಾನು ಆಡಿದ ಮಾತು, ಹುಳ ತಿಂದ ಜಾಗ, ಬಟ್ಟಲು ಕೆಳಗಿಟ್ಟು ಹೋದ ಬೀಗರು, ಎಲ್ಲವೂ ಅವಳ ತಲೆಯಲ್ಲಿ ಒಂದೊಂದಾಗಿ ನಿಲ್ದಾಣಕ್ಕೆ ಬಂದವು. ಗ್ವೇಜೆನ್ ಸುಮ್ಮನಾದಳು. ಅವಳನ್ನು ಬಲ್ಲವರು ಯಾರೂ ಇದನ್ನು ನಂಬುವುದಿಲ್ಲ, ಆದರೆ ಸುಮ್ಮನಾದದ್ದು ನಿಜ.

ಆಮೇಲೆ ಸಿಡಿದಳು. “ದುಡ್ಡು ನಾನು ಕೊಡ್ತೀನಿ! ಯಾರೂ ಕೈ ಹಾಕ್ಬೇಡಿ! ನಮ್ಮ ಊರಿಗೆ ಬಂದ ಬೀಗಿತ್ತಿಗೆ ನಾನು ಹುಳ ತಿಂದಿದ್ದು ಕೊಟ್ನಲ್ಲ, ನನ್ನ ಬುದ್ಧಿಗಿಷ್ಟು!” ಎಂದು ಚೀಲ ತೆರೆದಳು.

“ಕೂಡದು!” ಶೌಶಾನ್ ಎದ್ದು ನಿಂತ.  ಇಷ್ಟು ಜನರ ಎದುರು, ಬಾಯಿ ಬಿಟ್ಟು, ಅವನು ಜನ್ಮದಲ್ಲಿ ಮೊದಲ ಬಾರಿಗೆ ಒಂದು ಬೆಲೆ ಹೇಳಿದ. “ಎಂಟುನೂರ ಎಂಬತ್ತು. ಇವರು ಕೇಳಿದಷ್ಟೇ. ನನ್ನ ಹೆಂಡ್ತಿ ಕೋಟಿಗೆ ನಾನು ಇನ್ನು ಬೆಲೆ ಇಳಿಸಲ್ಲ.”

ವಾನ್ ಬಿಳಿಚಿಕೊಂಡಳು. ಹಾನ್‌ಜೆಂಗ್ ಬೀದಿಯಲ್ಲಿ ಅವಳು ಅಂಗಡಿ ಇಟ್ಟಾಗಿನಿಂದ ಕೇಳಿದಷ್ಟು ಕೊಟ್ಟವರು ಯಾರೂ ಇರಲಿಲ್ಲ.

“ಎಂಟುನೂರ ಎಂಬತ್ತಾ? ನನ್ನ ಮಾನ ಕಳೀತೀರಾ? ಹೊರಗೂರಿನ ಮುದುಕನ್ನ ಚೌಕೀಲಿ ಕೂರಿಸಿ ಸುಲಿದ್ಲು ಅಂತ ಬೀದಿ ಮಾತಾಡಲ್ವಾ? ಆರುನೂರು!”

“ಎಂಟುನೂರ ಎಂಬತ್ತು!”

“ಐನೂರ ಐವತ್ತು! ನಾನೂ ಒಬ್ಬನ ಹೆಂಡ್ತಿನೇ ಕಣ್ರೀ! ಪಕ್ಕದಲ್ಲೇ ಕಾಲುಚೀಲ ಮಾರೋ ಗಂಡ, ಈವರೆಗೆ ನಂಗೊಂದು ಜೊತೆ ಕಾಲುಚೀಲ ಕೊಟ್ಟೋನಲ್ಲ! ಇವರು ಹೆಂಡ್ತಿ ಕೋಟಿಗೆ ಪೊಲೀಸ್ ಚೌಕಿಗೆ ಬಂದ್ರು! ಐನೂರ ಐವತ್ತಕ್ಕೆ ಮೇಲೆ ಒಂದು ಕಾಸೂ ಮುಟ್ಟಲ್ಲ!”

“ಎಷ್ಟಾದ್ರೂ ಆಗ್ಲಿ, ಕೊಡೋಳು ನಾನು!” ಗ್ವೇಜೆನ್ ಹಣವನ್ನು ವಾನಳ ಕೊರಳಪಟ್ಟಿಗೆ ತುರುಕಿದಳು. ಶೌಶಾನ್ ಅದನ್ನು ಕಿತ್ತು ಗ್ವೇಜೆನಳ ಚೀಲಕ್ಕೆ ತುರುಕಿದ. ವಾನ್ ಇಬ್ಬರನ್ನೂ ತಳ್ಳಿದಳು. ಕೊಳ್ಳುವವನು ಏರಿಸುವ, ಮಾರುವವಳು ಇಳಿಸುವ ಇಂಥ ಗಲಾಟೆಗೆ ಯಾವ ಕಲಂ ಹಾಕಬೇಕೆಂದು ತಿಳಿಯದೆ ಕಾನ್‌ಸ್ಟೇಬಲ್ ಮೆಂಗ್ ಸೀಟಿ ಊದಿದ.

ಎಲ್ಲರೂ ತಿರುಗಿ ನೋಡಿದಾಗ ಯಿನ್‌ಫೆಂಗ್ ಹಳೆಯ ಕೋಟನ್ನು ಬಿಚ್ಚಿ, ಅಚ್ಚುಕಟ್ಟಾಗಿ ಮಡಿಸಿ, ಎರಡೂ ಕೈಗಳಿಂದ ಬೀಗಿತ್ತಿಗೆ ಒಪ್ಪಿಸುತ್ತಿದ್ದಳು. ಆಮೇಲೆ ಗದ್ದಲದಲ್ಲಿ ವಾನಳ ತೋಳಿನಿಂದ ಜಾರಿ ಬೆಂಚಿನ ಮೇಲೆ ಬಿದ್ದಿದ್ದ ಖರ್ಜೂರದ ಬಣ್ಣದ ಕೋಟನ್ನು ಎತ್ತಿ ತೊಟ್ಟಳು. ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿದಳು. ಕೈಗಳನ್ನು ಎರಡೂ ಬದಿ ಇಳಿಬಿಟ್ಟಳು. ಭುಜಕ್ಕೆ ಸರಿಯಾಗಿ ಕೂತಿತ್ತು.

“ಐನೂರು” ಎಂದಳು. “ಕೊಡೋರು ನಮ್ಮನೆಯವರು. ಮುಗೀತು. ನಂಗೆ ಸೆಕೆ ಆಗ್ತಿದೆ.”

ಶೌಶಾನ್ ನೋಟು ಎಣಿಸಿ ಕೊಟ್ಟ, ವಾನ್ ತೆಗೆದುಕೊಂಡಳು, ಗ್ವೇಜೆನ್ ಚೀಲ ಮುಚ್ಚಿದಳು.

ಅವರು ಚೌಕಿಯಿಂದ ಹೊರಬಂದಾಗ ಬೀದಿಯ ಅಂಗಡಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಗ್ವೇಜೆನ್ ಮುಂದೆ ನಡೆಯುತ್ತ, ನೋಡಿ ನಮ್ಮ ಬೀಗಿತ್ತಿ ಕೋಟು, ಬೀಗರು ಕೊಡಿಸಿದ್ದು, ಎಂದು ದಾರಿಯುದ್ದಕ್ಕೂ ಸಾರುತ್ತಿದ್ದಳು. ಊರಿನಲ್ಲಾದರೆ ಶೌಶಾನ್ ಹೆಂಡತಿಗಿಂತ ಸಾಕಷ್ಟು ಮುಂದೆ ನಡೆಯುವವನು, ಅವರ ಕಡೆ ಎಲ್ಲ ಗಂಡಸರೂ ಹಾಗೆಯೇ. ಇವತ್ತು ಅವನ ಹೆಜ್ಜೆ ನಿಧಾನವಾಯಿತು, ಅವಳು ಜೊತೆಗೂಡಿದಳು. ಯಿನ್‌ಫೆಂಗಳ ಕೈ ಗಂಡನ ತೋಳೊಳಗೆ ಸೇರಿಕೊಂಡು ಅಲ್ಲೇ ಉಳಿಯಿತು. ಇಬ್ಬರೂ ಆಕಾಶ ನೋಡುತ್ತ ನಡೆದರು.

ಅಂಗಡಿಗೆ ಮರಳಿ ಬಾಗಿಲಲ್ಲಿ ನಿಂತಿದ್ದ ಲುವೊ ಹೆಂಡತಿಯನ್ನು ಮೊಣಕೈಯಿಂದ ತಿವಿದ. “ನೋಡೇ, ಇನ್ನೂ ಚೌಕಾಸಿ ನಡೀತಿದೆ. ಈಗ ಎಷ್ಟಕ್ಕೆ ಬಂದಿರ್ಬಹುದು?”

ವಾನಳ ಕಣ್ಣು ಆ ತೋಳಿನ ಮೇಲೆಯೇ ಇತ್ತು.

“ಮಂಕೇ” ಎಂದಳು. “ಅದು ಬೆಲೆ ಅಲ್ಲ ಕಣೋ.”